ಕೂಸನ್ನು ಬಿಟ್ಟು ಎರಡು ದಿನ

ಕಂಕುಳಲ್ಲಿ ಕೂಸಿರುವ ಹೆಂಗಸಿಗೆ ಪ್ರವಾಸವೆಂಬುದು ಬರಿಯ ಮಾತಿನ ಸಂತೋಷ. ಗಂಡಸರು ಹೊರಡೋಣವೆಂದರೆ ಅಂಗಿ ತೊಟ್ಟು ಚಪ್ಪಲಿ ಮೆಟ್ಟಿದರೆ ಆಯಿತು. ನಮಗಾದರೋ ಹಾಲು, ಬಿಸಿನೀರು, ಹಾಸು, ಹೊದಿಕೆ, ಜ್ವರದ ಔಷಧಿ ಎಂದು ಗಂಟು ಬೆಳೆಯುತ್ತ ಹೋಗಿ, ಕೊನೆಗೆ ಈ ಪ್ರವಾಸವೇ ಬೇಡವೆನಿಸಿಬಿಡುವುದು. ನಮ್ಮ ಕಿರಿಯವನು ಪುಟ್ಟನಿಗೆ ಒಂದು ವರುಷ ಒಂಬತ್ತು ತಿಂಗಳು. ಅವನು ಹುಟ್ಟಿದಂದಿನಿಂದ ನಾನು ಮೈಸೂರಿನ ಎಲ್ಲೆಯನ್ನು ದಾಟಿದವಳಲ್ಲ. ಅವನನ್ನು ಬಿಟ್ಟು ಒಂದು ರಾತ್ರಿ ಮಲಗಿದವಳೂ ಅಲ್ಲ.

ಕಳೆದ ಡಿಸೆಂಬರ್ ರಜದಲ್ಲಿ ನಮ್ಮ ಮಾವನವರು, “ಕಾಲು ಇನ್ನೂ ನನ್ನ ಮಾತು ಕೇಳುತ್ತಿರುವಾಗಲೇ ಒಂದು ಸಲ ಬೆಳಗೊಳದ ಬೆಟ್ಟವನ್ನು ಹತ್ತಿಬಿಡಬೇಕು. ಹಾಗೆಯೇ ಹಳೇಬೀಡು, ಬೇಲೂರು,” ಎಂದರು. ಅವರು ನಿವೃತ್ತ ಉಪಾಧ್ಯಾಯರು, ವಯಸ್ಸು ಎಪ್ಪತ್ತೇಳು. ತಮಗೆಂದು ಏನನ್ನೂ ಕೇಳಿದವರಲ್ಲ. ಇಲ್ಲವೆನ್ನುವುದು ಹೇಗೆ? ಹತ್ತು ವರುಷದ ಮಗಳಂತೂ ಆಗಲೇ ಕುಣಿಯುತ್ತಿದ್ದಳು. ಪುಟ್ಟನನ್ನು ಎತ್ತಿಕೊಂಡು ಬೆಟ್ಟ ಹತ್ತುವುದು ಆಗದ ಮಾತು. ಕಾರಿನಲ್ಲಿ ಕುಳಿತ ಅರ್ಧ ಗಳಿಗೆಗೆಲ್ಲ ವಾಂತಿ ಮಾಡುವ ಕೂಸು ಅದು. “ನಾನು ಉಳಿಯುತ್ತೇನೆ, ನೀವೆಲ್ಲ ಹೋಗಿಬನ್ನಿ” ಎಂದೆ. ಆಗ ಅಡಿಗೆಮನೆಯಿಂದ ಅತ್ತೆಯವರ ದನಿ ಬಂದಿತು: “ನೀನು ಹೋಗಮ್ಮ. ನನಗೇನು, ಅದೆಲ್ಲ ನೋಡಿದ್ದೇ. ಕೂಸು ನನ್ನ ಹತ್ತಿರ ಇರಲಿ.”

ಬೆಳಗಿನ ಜಾವ ಹೊರಟೆವು. ಪುಟ್ಟನು ಮಲಗಿದ್ದನು. ಎದ್ದಿದ್ದರೆ ಹೇಳಿ ಹೋಗುವುದೇ ಸರಿ, ಮಲಗಿದ್ದರೆ ಎಬ್ಬಿಸಬಾರದು ಎಂಬುದು ಅತ್ತೆಯವರ ತೀರ್ಪು. ಕಳ್ಳಿಯಂತೆ ಬಾಗಿಲು ದಾಟಿದೆ. ಶ್ರೀರಂಗಪಟ್ಟಣ ಕಳೆದು, ಪಾಂಡವಪುರ, ಕೃಷ್ಣರಾಜಪೇಟೆ ಹಾದು ಹೋಗುವ ದಾರಿ ಅದು. ಗದ್ದೆಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಕಿಕ್ಕೇರಿ ಬಂದಾಗ ಮಾವನವರು, ಇದೇ ಕೆ. ಎಸ್. ನರಸಿಂಹಸ್ವಾಮಿಯವರು ೧೯೧೫ರಲ್ಲಿ ಹುಟ್ಟಿದ ಊರೆಂದು ಮೊಮ್ಮಗಳಿಗೆ ತೋರಿಸಿದರು. ಅವಳು ತೂಕಡಿಸುತ್ತಿದ್ದಳು. ನಾನೋ ಗಡಿಯಾರವನ್ನು ನೋಡುತ್ತ, ಈಗ ಎದ್ದಿರಬಹುದು, ಈಗ ಹುಡುಕುತ್ತಿರಬಹುದು ಎಂದು ಎಣಿಸುತ್ತಿದ್ದೆ.

ಎರಡು ಬೆಟ್ಟಗಳ ನಡುವೆ ಕೊಳ; ಆ ಬಿಳಿಯ ಕೊಳದಿಂದಲೇ ಬೆಳಗೊಳವೆಂಬ ಹೆಸರು. ಚಿಕ್ಕದು ಚಂದ್ರಗಿರಿ, ದೊಡ್ಡದು ವಿಂಧ್ಯಗಿರಿ. ದೊಡ್ಡ ಬೆಟ್ಟಕ್ಕೆ ಬಂಡೆಯಲ್ಲಿಯೇ ಕಡಿದ ಮೆಟ್ಟಿಲುಗಳು ೬೦೦ಕ್ಕೂ ಹೆಚ್ಚಿವೆ. ಪಾದರಕ್ಷೆಯನ್ನು ಕೆಳಗೇ ಬಿಡಬೇಕು. ಬಿಸಿಲೇರಿದರೆ ಬಂಡೆ ಕಾವಲಿಯಾಗುವುದರಿಂದ ಬೆಳಗ್ಗೆಯೇ ಹತ್ತಿ ಇಳಿಯುವುದು ಮೇಲು. ಹತ್ತಲಾರದವರಿಗೆ ಡೋಲಿ ಉಂಟು. ಡೋಲಿಯವರು ಮಾವನವರನ್ನು ಕಂಡು ಕರೆದಾಗ ಅವರು, “ನಾಲ್ವರ ಹೆಗಲಿನ ಮೇಲೆ ಹೋಗುವುದು ಹೇಗೂ ಒಂದು ಸಲ ಇದ್ದೇ ಇದೆ, ಅದಕ್ಕೆ ಇಷ್ಟು ಅವಸರವೇಕಪ್ಪ?” ಎಂದು ನಕ್ಕು ಮೆಟ್ಟಿಲಿಗೆ ಕಾಲಿಟ್ಟರು. ಐವತ್ತು ಮೆಟ್ಟಿಲಿಗೊಮ್ಮೆ ಕುಳಿತು, ಕಂಬಿ ಹಿಡಿದು, ಒಂದೂವರೆ ಗಂಟೆಯಲ್ಲಿ ಹತ್ತಿಯೇ ಹತ್ತಿದರು.

ಗೊಮ್ಮಟನನ್ನು ಚಿತ್ರದಲ್ಲಿ ನೋಡದವರು ಯಾರು? ಆದರೂ ಆ ಬಾಗಿಲನ್ನು ದಾಟಿ ತಲೆಯೆತ್ತಿದಾಗ ಕಂಡುದೇ ಬೇರೆ. ಸುಮಾರು ೫೮ ಅಡಿಯ ಏಕಶಿಲೆ. ಗಂಗರಾಜ ರಾಚಮಲ್ಲನ ಮಂತ್ರಿ ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯಲ್ಲಿ ಇದನ್ನು ಮಾಡಿಸಿದನು. ಸುತ್ತಣ ಪ್ರಾಕಾರವು ಮುಂದೆ ಹೊಯ್ಸಳರ ದಂಡನಾಯಕ ಗಂಗರಾಜನದು. ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದು, ಗೆದ್ದುದನ್ನೆಲ್ಲ ಬಿಟ್ಟು ನಿಂತವನು ಬಾಹುಬಲಿ. ಹುತ್ತ ಬೆಳೆದು, ಬಳ್ಳಿ ತೊಡೆಯನ್ನೂ ತೋಳನ್ನೂ ಸುತ್ತಿದರೂ ಅರಿವಿಲ್ಲದ ನಿಲವು. ಎಲ್ಲವನ್ನೂ ಬಿಟ್ಟವನ ಮುಂದೆ ನಿಂತು ನಾನು ಒಂದು ಕೂಸನ್ನು ಎರಡು ದಿನ ಬಿಟ್ಟು ಬಂದುದಕ್ಕೆ ಕಣ್ಣೊರಸಿಕೊಂಡೆನೆಂದರೆ ವಾಚಕರು ನಗಬಹುದು. ನಮ್ಮವರೂ ನಕ್ಕರು.

ಹೊರಗೆ ಬಾಗಿಲಿನ ಎದುರಿಗೆ ಕೈಯಲ್ಲಿ ಪುಟ್ಟ ಪಾತ್ರೆಯನ್ನು ಹಿಡಿದ ಒಬ್ಬ ಮುದುಕಿಯ ಶಿಲೆಯಿದೆ. ಹೆಚ್ಚಿನವರು ಆಕೆಯನ್ನು ನೋಡದೆಯೇ ಹೋಗುವರು. ಆಕೆ ಗುಳ್ಳಕಾಯಜ್ಜಿ. ಚಾವುಂಡರಾಯನು ಕೊಡಗಟ್ಟಲೆ ಹಾಲೆರೆಸಿದರೂ ಅದು ಮೂರ್ತಿಯ ನಡುವಿನಿಂದ ಕೆಳಗೆ ಇಳಿಯಲಿಲ್ಲವಂತೆ. ಈ ಅಜ್ಜಿ ಗುಳ್ಳದ ಕಾಯಿಯ ಒಡಲಿನಲ್ಲಿ ತಂದ ಹಾಲು ಅಡಿಯವರೆಗೂ ಹರಿದು ಬೆಟ್ಟವನ್ನೇ ತೊಯ್ದಿತಂತೆ. ರಾಯನ ಹೆಮ್ಮೆಯನ್ನಿಳಿಸಲು ಕೂಷ್ಮಾಂಡಿನಿ ಯಕ್ಷಿಯೇ ಆ ರೂಪದಲ್ಲಿ ಬಂದಳೆಂದು ಹೇಳುವರು. ಮಗಳು ಆಕೆಯನ್ನು ದಿಟ್ಟಿಸಿ, “ನಮ್ಮ ಅಜ್ಜಿಯ ಹಾಗೆಯೇ ಕುಳ್ಳಗೆ ಇದ್ದಾರೆ,” ಎಂದಳು.

ಆ ರಾತ್ರಿ ಹಾಸನದಲ್ಲಿ ತಂಗಿದೆವು. ಸಂಜೆ ಮೊಬೈಲಿನಲ್ಲಿ ಮುಖ ತೋರಿಸಿ ಮಾತನಾಡಿದುದೇ ತಪ್ಪಾಯಿತು. ಅದುವರೆಗೆ ಆಡಿಕೊಂಡಿದ್ದ ಪುಟ್ಟನು ನನ್ನನ್ನು ಕಂಡೊಡನೆ ಕೈಚಾಚಿ, ನಾನು ಆ ಗಾಜಿನಿಂದ ಹೊರಗೆ ಬಾರದುದನ್ನು ನೋಡಿ ಕಿರುಚಿ ಅತ್ತನು. ಅತ್ತೆಯವರು, “ಇನ್ನು ಮುಖ ತೋರಿಸಬೇಡ. ನಾನೇ ಹೇಳಿ ಕಳಿಸುತ್ತೇನೆ,” ಎಂದು ಮಾತು ಮುಗಿಸಿದರು. ಆಮೇಲೆ ಎರಡು ಗಂಟೆ ಯಾವ ಸುದ್ದಿಯೂ ಇಲ್ಲ. ರಾತ್ರಿಯ ಬಸ್ಸಿಗೆ ನಾನೊಬ್ಬಳೇ ಹಿಂದಿರುಗಿಬಿಡುವೆನೆಂದು ಚೀಲವನ್ನು ಎತ್ತಿಕೊಂಡದ್ದೂ ಉಂಟು. ಮಾವನವರು ತಡೆಯಲಿಲ್ಲ, “ಹೋಗುವುದಾದರೆ ಎಲ್ಲರೂ ಹೋಗೋಣ,” ಎಂದಷ್ಟೇ ಅಂದರು. ಆ ದಿನ ಬೆಟ್ಟವನ್ನಿಳಿದ ಅವರ ಮೊಣಕಾಲುಗಳು ಊದಿಕೊಂಡಿದ್ದವು. ಚೀಲವನ್ನು ಕೆಳಗಿಟ್ಟೆ. ಹತ್ತು ಗಂಟೆಗೆ ಬರೆಹದಲ್ಲಿ ಒಂದೇ ಸಾಲು ಬಂದಿತು: ಮೊಸರನ್ನ ಉಂಡು ಮಲಗಿದ.

ಮರುದಿನ ಹಳೇಬೀಡು. ಹೊಯ್ಸಳರ ರಾಜಧಾನಿ ದೋರಸಮುದ್ರವು ಇದೇ. ೧೩೧೧ರಲ್ಲಿ ಮಲಿಕ್ ಕಾಫರನ ದಂಡಯಾತ್ರೆಗೆ ತುತ್ತಾದ ಊರು. ೧೧೨೧ರ ಸುಮಾರಿಗೆ ಕೇತಮಲ್ಲನು ಕಟ್ಟಿಸತೊಡಗಿದ ಹೊಯ್ಸಳೇಶ್ವರ ದೇವಾಲಯಕ್ಕೆ ಎರಡು ಗರ್ಭಗುಡಿ, ಎರಡು ನಂದಿ. ಗೋಡೆಯ ತಳದ ಸಾಲಿನಲ್ಲಿ ಸಾವಿರಕ್ಕೂ ಮೇಲ್ಪಟ್ಟು ಆನೆಗಳಿವೆ. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣಕಥೆ, ಮಕರ, ಹಂಸ ಎಂದು ಪಟ್ಟಿಯ ಮೇಲೆ ಪಟ್ಟಿ. ಮಗಳು ಆನೆಗಳನ್ನೆಣಿಸಲು ಹೊರಟು ಒಂದು ಮೂಲೆ ತಿರುಗುವುದರಲ್ಲಿ ಲೆಕ್ಕ ತಪ್ಪಿದಳು. ಒಂದರಂತೆ ಇನ್ನೊಂದಿಲ್ಲವೆಂಬುದನ್ನು ಮಾತ್ರ ಕಂಡುಕೊಂಡಳು. ಪಕ್ಕದ ಪಾರ್ಶ್ವನಾಥ ಬಸದಿಯ ನುಣುಪುಗಂಬದಲ್ಲಿ ತನ್ನ ಮುಖವನ್ನೂ ನೋಡಿಕೊಂಡಳು.

ಬೇಲೂರು ಅಲ್ಲಿಂದ ಹತ್ತು ಮೈಲಿಯ ದಾರಿ. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಈ ಗುಡಿಯಲ್ಲಿ ಪೂಜೆ ಇಂದಿಗೂ ನಡೆಯುತ್ತಿದೆ. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನೋಡಲು ಬರುವವರಿಗೆ ಇನ್ನೊಂದು ನೆಪವಾಗಿದೆ. ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತುವಾಗಿದ್ದು ಗಾಳಿಗೆ ಗಟ್ಟಿಯಾಗುವುದು. ಆದುದರಿಂದಲೇ ಬಳೆಯ ಕೆತ್ತನೆ, ಕೂದಲಿನ ಎಳೆ, ಬೆರಳಿನ ಉಂಗುರ ಇವೆಲ್ಲ ಉಳಿಗೆ ದಕ್ಕಿವೆ. ಮದನಿಕೆಯರು ಒಟ್ಟು ೪೨. ಅವರಲ್ಲಿ ನಾಲ್ವರು ಒಳಗಿರುವರು. ಕನ್ನಡಿ ನೋಡುವವಳು, ಗಿಳಿ ಹಿಡಿದವಳು, ಸೆರಗೆಳೆಯುವ ಕಪಿಯನ್ನು ಗದರಿಸುವವಳು. ನನ್ನ ಕಣ್ಣಿಗೆ ಬಿದ್ದವರಲ್ಲಿ ಕಂಕುಳಲ್ಲಿ ಕೂಸಿದ್ದವಳು ಒಬ್ಬಳೂ ಇಲ್ಲ. ಅಲಂಕಾರಕ್ಕೆ ಅಷ್ಟು ಹೊತ್ತು ದೊರೆತ ಗುಟ್ಟು ಅದೇ ಇರಬೇಕು! ಕೆಲವು ಬೊಂಬೆಗಳ ಕೆಳಗೆ ಶಿಲ್ಪಿಯ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇಬ್ಬರೂ ಇಲ್ಲಿ ಕೆಲಸ ಮಾಡಿದವರು. ಮಾವನವರು ಕುತ್ತಿಗೆ ಹಿಂದಕ್ಕೆ ಬಗ್ಗಿಸಿ ಬಹಳ ಹೊತ್ತು ಆ ಹಳೆಯ ಅಕ್ಷರಗಳನ್ನು ಕೂಡಿಸಿ ಓದುತ್ತಿದ್ದರು.

ಆಗಲೇ ನಾನು, “ಅತ್ತೆಯವರು ಇದನ್ನೆಲ್ಲ ನೋಡಿದುದು ಯಾವಾಗ?” ಎಂದು ಕೇಳಿದೆ.

ಅವರು ಕತ್ತನ್ನಿಳಿಸಿದರು. “ಅವಳು ನೋಡಿಲ್ಲಮ್ಮ. ೧೯೮೧ರಲ್ಲಿ, ಬೆಳಗೊಳದಲ್ಲಿ ಸಾವಿರ ವರುಷದ ಮಹಾಮಸ್ತಕಾಭಿಷೇಕವಾದ ವರುಷ, ಶಾಲೆಯ ಮಕ್ಕಳನ್ನು ಕರೆತಂದಿದ್ದೆ. ಅವಳೂ ಬರುವುದೆಂದಿತ್ತು. ಮನೆಯಲ್ಲಿ ಎಳೆಗೂಸಿತ್ತು. ‘ನೀವು ಹೋಗಿಬನ್ನಿ, ನಾನು ಮುಂದಿನ ಸಲ’ ಎಂದಳು. ಮುಂದಿನ ಸಲ ಬರಲೇ ಇಲ್ಲ.”

ಆ ಎಳೆಗೂಸು ಈಗ ನಲವತ್ತು ದಾಟಿ, ನನ್ನ ಮಗ್ಗುಲಲ್ಲಿಯೇ ನಿಂತು ದರ್ಪಣಸುಂದರಿಯ ಪಟವನ್ನು ತೆಗೆಯುತ್ತಿದ್ದಿತು. ತೆಗೆಯುತ್ತಿದ್ದ ಕೈ ಹಾಗೆಯೇ ನಿಂತಿತು. ಅವರಿಗೂ ಇದು ತಿಳಿದಿರಲಿಲ್ಲ. ಆಮೇಲೆ ನಾವು ಗುಡಿಯನ್ನು ಇನ್ನೊಂದು ಸುತ್ತು ಬಂದೆವು. ಯಾರೂ ಹೆಚ್ಚು ಮಾತನಾಡಲಿಲ್ಲ.

ಮನೆಗೆ ಬಂದಾಗ ರಾತ್ರಿ ಒಂಬತ್ತು. ಓಡಿಬಂದು ಅಪ್ಪಿಕೊಳ್ಳುವನೆಂದು ದಾರಿಯುದ್ದಕ್ಕೂ ಎಣಿಸಿದ್ದ ಪುಟ್ಟನು ನನ್ನನ್ನು ನೋಡಿ, ಮುಖ ತಿರುಗಿಸಿ, ಅಜ್ಜಿಯ ಹೆಗಲಿನಲ್ಲಿ ಮೂತಿ ಹುದುಗಿಸಿದನು. ಕರೆದರೂ ಬಾರ. ಅತ್ತೆಯವರು, “ಕೋಪ. ಬೆಳಗಾಗಲಿ,” ಎಂದು ಬೆನ್ನು ತಟ್ಟುತ್ತಿದ್ದರು. ಅವರ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. ರಾತ್ರಿ ಮೂರು ಸಲ ಎದ್ದು ಅತ್ತನೆಂಬುದು ನೆರೆಮನೆಯವರಿಂದ ಆಮೇಲೆ ತಿಳಿಯಿತು.

ಊಟವಾದ ಮೇಲೆ ಅವರ ಪಕ್ಕದಲ್ಲಿ ಕುಳಿತು ಪಟಗಳನ್ನು ತೋರಿಸಿದೆ. ಗೊಮ್ಮಟನಿಗೆ ಕೈಮುಗಿದರು. ಗುಳ್ಳಕಾಯಜ್ಜಿಯನ್ನು ಕಂಡು ಮೊಮ್ಮಗಳ ಮಾತಿಗೆ ನಕ್ಕರು. ಕನ್ನಡಿಯವಳ ಪಟದಲ್ಲಿ ಮಾತ್ರ ಬಹಳ ಹೊತ್ತು ನಿಂತು, “ಈ ಜಡೆಯ ಕಟ್ಟು ಹೇಗೆ ಹಾಕಿದ್ದಾರೋ! ಹಿಂದಿನಿಂದ ತೆಗೆದಿಲ್ಲವೇ?” ಎಂದು ಕೇಳಿದರು. ಹಿಂದಿನಿಂದ ತೆಗೆದಿರಲಿಲ್ಲ.

“ಬರುವ ತಿಂಗಳು ನೀವೂ ಮಾವನವರೂ ಹೋಗಿಬನ್ನಿ. ನಾನು ಮನೆಯಲ್ಲಿರುತ್ತೇನೆ. ಅವರೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾರಂತೆ,” ಎಂದೆ.

ಅತ್ತೆಯವರು ಮಡಿಲಿನಲ್ಲಿ ಮಲಗಿದ್ದವನ ಕಡೆಗೆ ನೋಡಿದರು. “ನಾನು ಹೋದರೆ ಇವನಿಗೆ ಮೊಸರನ್ನ ಯಾರು ಉಣಿಸುವವರು? ನಿನ್ನ ಕೈಯಲ್ಲಿ ಉಣ್ಣುವುದಿಲ್ಲ ಇವನು,” ಎಂದರು.

ಅದು ನಿಜವೇ. ಆದರೂ ಫೆಬ್ರವರಿಯ ಮೊದಲ ಶನಿವಾರಕ್ಕೆ ಹಾಸನದಲ್ಲಿ ಎರಡು ಕೋಣೆಗಳನ್ನು ಹೇಳಿಯಾಗಿದೆ. ನಿನ್ನೆಯಿಂದ ಮೊಸರನ್ನವನ್ನು ಕಲಸಿ ಉಣಿಸುತ್ತಿರುವವಳು ನಾನು. ಪುಟ್ಟನು ಮೂರು ತುತ್ತಿನವರೆಗೆ ಬಂದಿದ್ದಾನೆ.