ಐವರು ಮಿತ್ರರ ಗುಹಾಯಾತ್ರೆ

ಗುಹೆಯೆಂಬ ಶಬ್ದವು ಮರೆಮಾಡುವುದೆಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿದುದು. ಭೂಮಿಯು ಮರೆಮಾಡಿದುದನ್ನು ನೋಡಲು ಹೋದವನಿಗೆ, ಹಗಲಿನ ಬೆಳಕಿನಲ್ಲಿ ಕಾಣದಿದ್ದ ಮನುಷ್ಯಸ್ವಭಾವವೂ ಅಲ್ಲಿ ಕಾಣಸಿಗುವುದುಂಟು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಐದು ಊರುಗಳ ಐವರು ಮಿತ್ರರ ಯಾತ್ರೆಗಳೇ ಇದಕ್ಕೆ ನಿದರ್ಶನ. ಎಳೆಯ ವಯಸ್ಸಿನಲ್ಲಿ ಒಂದೇ ವಸತಿಗೃಹದಲ್ಲಿದ್ದು ಓದಿದ ಇವರು, ಉದ್ಯೋಗಗಳು ಬೇರೆಬೇರೆಯಾದರೂ ಆಗಾಗ್ಗೆ ಕೂಡಿ ಯಾತ್ರೆ ಹೋಗುವ ನಿಯಮವನ್ನು ಬಿಟ್ಟವರಲ್ಲ.

ಇವರ ಸೀಮೆಯು ಕಲ್ಲಿನ ಸೀಮೆ. ಸುಣ್ಣದ ಕಲ್ಲು ಇಲ್ಲಿ ಓಲೆಗರಿಗಳ ಕಟ್ಟಿನಂತೆ ಪದರಪದರವಾಗಿ ನೆಲದೊಳಗೆ ಮಲಗಿದೆ. ಅದನ್ನೇ ಎಬ್ಬಿಸಿ ಶಹಾಬಾದಿ ಫರಸಿಯೆಂದು ನಾಡಿಗೆಲ್ಲ ಕಳುಹಿಸುವರು; ಅದನ್ನೇ ಸುಟ್ಟು ವಾಡಿಯಲ್ಲಿ ಸಿಮೆಂಟು ಮಾಡುವರು. ಭೀಮಾತೀರದ ಈ ಶಿಲೆಗಳನ್ನು 1876ರ ತನ್ನ ಗ್ರಂಥದಲ್ಲಿ ವರ್ಣಿಸಿದವನು ರಾಬರ್ಟ್ ಬ್ರೂಸ್ ಫೂಟನೆಂಬ ಭೂಗರ್ಭಶಾಸ್ತ್ರಜ್ಞನು. 1884ರಲ್ಲಿ ಕರ್ನೂಲು ಸೀಮೆಯ ಬೆಲುಂ ಗುಹೆಯ ಸಂಗತಿಯನ್ನು ಬರೆದಿಟ್ಟವನೂ ಆತನೇ. ಬಿಲವೆಂಬ ಸಂಸ್ಕೃತ ಶಬ್ದದಿಂದಲೇ ಆ ಹೆಸರು ಬಂದಿತೆಂದು ಹೇಳುವರು. 1982–83ರಲ್ಲಿ ಜರ್ಮನಿಯ ಡೇನಿಯಲ್ ಗೆಬೌವರ್ ಮತ್ತು ಸಂಗಡಿಗರು ಅದನ್ನು ಅಳೆದರು. ಅದರ ಉದ್ದವು 3,229 ಮೀಟರು. 2002ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಕೆಲವು ವರ್ಷಗಳ ತರುವಾಯ ಐವರೂ ವಾಡಿಯಲ್ಲಿ ರೈಲು ಹತ್ತಿ, ರಾಯಚೂರು, ಗುಂತಕಲ್ಲು ದಾಟಿ, ತಾಡಪತ್ರಿಯಲ್ಲಿಳಿದು ಅಲ್ಲಿಗೆ ಹೋದರು.

ಒಳಹೊಕ್ಕವರು ಮಾತ್ರ ನಾಲ್ವರು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಅಂಗಾರಾಮ್ಲವನ್ನು ಹೀರಿ ಸುಣ್ಣದ ಕಲ್ಲನ್ನು ಕರಗಿಸುವ ಬಗೆಯನ್ನೂ, ಕರಗಿದ ಸುಣ್ಣವು ಹನಿಹನಿಯಾಗಿ ಮತ್ತೆ ಕಲ್ಲಾಗಿ ಜೋಲುವ ಬಗೆಯನ್ನೂ ಸೇಡಂನವರು ವಿವರಿಸುತ್ತ ನಡೆದರು. ಬಾಗಿಲಿನ ಮಟ್ಟದಿಂದ 46 ಮೀಟರು ಆಳದಲ್ಲಿರುವ ಪಾತಾಳಗಂಗೆಯನ್ನು ನೋಡಿ ಮೇಲೆ ಬಂದಾಗ, ಶಹಾಬಾದದವರು ಎಲ್ಲರ ಚೀಲಗಳನ್ನು ಕಾಯುತ್ತ ಕುಳಿತಿದ್ದರು. ಅವರು ಗಣಿಯ ಮನೆತನದವರು. ಸುತ್ತಿಗೆಯ ಸದ್ದಿನಿಂದಲೇ ಕಲ್ಲಿನ ಸೀಳನ್ನು ಹೇಳಬಲ್ಲವರು. ಆದರೆ ಬಾಲ್ಯದಲ್ಲಿ, ಜಾರಿದ ಚಪ್ಪಡಿಯ ಕೆಳಗೆ ತಂದೆಯ ಕಾಲು ಹೋದುದನ್ನು ಕಣ್ಣಾರೆ ಕಂಡಿದ್ದರು. ಅಂದಿನಿಂದ ಕಲ್ಲಿನ ಮೇಲೆ ನಡೆದರೇ ಹೊರತು ಕಲ್ಲಿನ ಕೆಳಗೆ ಹೋದವರಲ್ಲ. ಮಿತ್ರರು ಒತ್ತಾಯಿಸಲಿಲ್ಲ. ಚಿತ್ತಾಪುರದವರೊಬ್ಬರು ಮಾತ್ರ ದಾರಿಯುದ್ದಕ್ಕೂ ಪರಿಹಾಸ ಮಾಡಿದರು.

ಮತ್ತೊಂದು ವರ್ಷ ಚಿಂಚೋಳಿಯಲ್ಲಿ ಕೂಡಿ ಬೀದರದ ಝರಣಿ ನರಸಿಂಹನ ದರ್ಶನಕ್ಕೆ ಹೊರಟರು. ಚಿತ್ತಾಪುರದವರ ಮೊಮ್ಮಗುವಿನ ಜ್ವರ ಬಿಟ್ಟಿದ್ದಿತು; ಹರಕೆಯ ಕಾಯಿಯನ್ನು ಮುಟ್ಟಿಸಬೇಕಾಗಿತ್ತು. ಬೀದರದ ಪ್ರಸ್ಥಭೂಮಿಯು ರಂಧ್ರಗಳುಳ್ಳ ಕೆಂಪು ಜಂಬಿಟ್ಟಿಗೆಯ ಕಲ್ಲಿನದು. ಅದರ ಕೆಳಗೆ ಗಟ್ಟಿಯಾದ ಕರಿಯ ಕಲ್ಲು. ಮೇಲಿಂದ ಇಂಗಿದ ನೀರು ಈ ಎರಡರ ಸಂಧಿಯಲ್ಲಿ ಒಸರುವುದು. ನರಸಿಂಹನ ಸುರಂಗದ ಉದ್ದ ಸುಮಾರು 300 ಮೀಟರು. ನಡುವಿನಿಂದ ಎದೆಯವರೆಗೆ ಬರುವ ನೀರಿನಲ್ಲಿ, ಬಾವಲಿಗಳು ತೂಗುವ ಚಾವಣಿಯ ಕೆಳಗೆ, ದೇವರವರೆಗೆ ನಡೆಯಬೇಕು.

ಅಂದು ಶಹಾಬಾದದವರೂ ನೀರಿಗಿಳಿದರು. ಅಂಜಿದವನಿಗೆ ಎಲ್ಲರ ಉಸಿರೂ ಕೇಳಿಸುತ್ತದೆ. ಅರ್ಧ ದಾರಿಯಲ್ಲಿ ಚಿತ್ತಾಪುರದವರ ಉಸಿರು ಕಟ್ಟುತ್ತಿರುವುದನ್ನು ಮೊದಲು ಅರಿತವರು ಅವರೇ.

“ಹಿಂದಕ್ಕ ಹೋಗಮಣ್ಣಾ” ಎಂದರು.

“ಹರಕಿ ನಂದದ. ನಾನೇ ಮುಟ್ಟಸಬೇಕು” ಎಂದು ಚಿತ್ತಾಪುರದವರು ಹಟ ಹಿಡಿದರು. ಶಹಾಬಾದದವರು ಅವರ ತೋಳನ್ನು ಬಿಡಲಿಲ್ಲ. ಐವರೂ ಹಿಂದಿರುಗಿದರು. ಹೊರಗೆ ಕಟ್ಟೆಯ ಮೇಲೆ ಕುಳಿತು ಉಸಿರು ನೆಟ್ಟಗಾದ ಮೇಲೂ ಚಿತ್ತಾಪುರದವರು ಯಾರೊಡನೆಯೂ ಮಾತನಾಡದೆ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಆಗ ಶಹಾಬಾದದವರು ಕೈನೀಡಿ, “ಕಾಯಿ ಕೊಡಣ್ಣಾ, ನಾ ಒಯ್ತೀನಿ” ಎಂದರು. ಚಿಂಚೋಳಿಯವರನ್ನು ಜೊತೆಗೆ ಕರೆದುಕೊಂಡು, ಕಾಯಿಯನ್ನು ತಲೆಯ ಮೇಲೆ ಹೊತ್ತು, ಕಡೆಯವರೆಗೂ ಹೋಗಿ ಬಂದರು. ಪ್ರಸಾದವನ್ನು ಕೈಗಿಟ್ಟಾಗ ಚಿತ್ತಾಪುರದವರ ಕಣ್ಣು ತುಂಬಿತು. ಆ ಬಳಿಕ ಅವರು ಪರಿಹಾಸದ ಮಾತನ್ನೆತ್ತಲಿಲ್ಲ.

ಮೆಕ್ಸಿಕೋ ದೇಶದ ಯೂಕಟಾನ್ ಪರ್ಯಾಯದ್ವೀಪದಲ್ಲಿ ಸುಣ್ಣದ ಕಲ್ಲಿನ ನೆಲದಡಿ ನೀರು ತುಂಬಿದ ಗುಹೆಗಳಿವೆ. ಸಾಕ್ ಆಕ್ತುನ್ ಎಂಬುದೊಂದೇ 300 ಕಿಲೋಮೀಟರಿಗೂ ಮಿಕ್ಕಿ ಹರಡಿದೆ. ಅಂತಹ ಗುಹೆಗಳಲ್ಲಿ ಮುಳುಗಿ ಶೋಧಿಸುವವರಲ್ಲಿ ಒಂದು ಕಟ್ಟಳೆಯುಂಟು: ಯಾರೊಬ್ಬರು ಹಿಂದಿರುಗೋಣವೆಂದರೂ ಕಾರಣವನ್ನು ಕೇಳದೆ ಎಲ್ಲರೂ ಹಿಂದಿರುಗತಕ್ಕದ್ದು. ಈ ಕಟ್ಟಳೆಯನ್ನು ಕೇಳರಿಯದ ಐವರು ಬೀದರದಲ್ಲಿ ಅದನ್ನು ಪಾಲಿಸಿದರು. ಧೈರ್ಯವೆಂದರೆ ಮುಂದೆ ನುಗ್ಗುವುದೆಂದು ಮಕ್ಕಳಿಗೆ ಕಲಿಸುವೆವು. ಒಡನಾಡಿಗಾಗಿ ಹಿಂದಿರುಗುವುದೂ ಧೈರ್ಯವೇ. ತನಗಾಗಿ ಎಂದೂ ಹೋಗದ ಕತ್ತಲೆಗೆ ಅವನಿಗಾಗಿ ಹೋಗುವುದು ಅದಕ್ಕಿಂತ ಹಿರಿದು.