ಚಪ್ಪರದಡಿಯ ದೋಣಿಗಳು

ನಮ್ಮ ಮನೆಯಲ್ಲಿ ಇಸವಿ, ತಾರೀಕು ನೆನಪಿಟ್ಟವರು ಕಡಿಮೆ. ಕಾಲದ ಲೆಕ್ಕವೆಲ್ಲ ದೋಣಿಗಳ ಮೇಲೆ. ದೊಡ್ಡಪ್ಪಯ್ಯನ ಮದುವೆ ಯಾವಾಗ ಆಯಿತೆಂದು ಕೇಳಿದರೆ ಅಮ್ಮಮ್ಮ, ‘ಕಂಚುಗೋಡಿನವ್ರ ರಂಪಣಿ ದೋಣಿ ನೀರಿಗಿಳ್ದ್ ವರ್ಷ’ ಎನ್ನುತ್ತಿದ್ದರು. ಅತ್ತೆ ಹುಟ್ಟಿದ್ದು ಹೆಂಚು ಸಾಗಿಸುವ ಮಚವೆಯೊಂದಕ್ಕೆ ಕೂವೆಮರ ನಿಲ್ಲಿಸಿದ ವಾರ. ಊರಿಗೆ ದೊಡ್ಡ ನೆರೆ ಬಂದದ್ದು ಅರ್ಧ ಹಲಗೆ ಏರಿದ ದೋಣಿಯನ್ನು ತೆಂಗಿನಮರಕ್ಕೆ ಕಟ್ಟಿ ಉಳಿಸಿಕೊಂಡ ಆಷಾಢದಲ್ಲಿ. ನನ್ನ ಹುಟ್ಟೂ ಹಾಗೆಯೇ: ಮಳೆಗಾಲ ಕಳೆದು ಚಪ್ಪರಕ್ಕೆ ಹೊಸ ಮಡಲು ಹೊದೆಸುತ್ತಿದ್ದ ದಿನ. ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನ ಮೇಲೆ ಒಂದು ತಾರೀಕು ಬರೆದುಕೊಂಡರು.

ಗಂಗೊಳ್ಳಿಯ ಅಳಿವೆ ನೋಡಿದವರಿಗೆ ನಾನು ಹೇಳುವ ಜಾಗದ ಗುರುತು ಸಿಕ್ಕೀತು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಘಟ್ಟದ ಬುಡದಿಂದ ಬೇರೆ ಬೇರೆ ದಾರಿ ಹಿಡಿದು ಬಂದು, ಸಮುದ್ರ ಕಾಣುವಷ್ಟು ಹತ್ತಿರದಲ್ಲಿ ಒಂದಾಗುತ್ತವೆ. ಜನ ಪಂಚಗಂಗಾವಳಿ ಎನ್ನುತ್ತಾರೆ. ನಡುವೆ ಕುದ್ರುಗಳೆಂಬ ನಡುಗಡ್ಡೆಗಳು, ಕುದ್ರುಗಳ ಮೇಲೆ ತೆಂಗು, ತೆಂಗಿನ ಸಾಲಿನಾಚೆ ಬಿಳಿ ನೊರೆಯ ಗೆರೆ. ಬಸ್ರೂರಿನ ಪೇಟೆಗೆ ಅಕ್ಕಿ ಕೊಳ್ಳಲು ಬಂದ ಪೋರ್ಚುಗೀಸರೂ, 1665ರಲ್ಲಿ ಬಂದ ಶಿವಾಜಿಯ ಹಡಗುಗಳೂ ಹಾದದ್ದು ಇದೇ ನೀರಿನ ಮೇಲೆ. ಸೇತುವೆಗಳಿಲ್ಲದ ಕಾಲದಲ್ಲಿ ಮದುವೆ ದಿಬ್ಬಣವಾಗಲಿ, ಹೆರಿಗೆಗೆ ಹೊರಟ ಹೆಂಗಸಾಗಲಿ, ಬತ್ತದ ಮುಡಿಯಾಗಲಿ, ಕಡವು ದಾಟಬೇಕಾದರೆ ದೋಣಿಯೇ ಗತಿ. ಅಂಥ ಊರಿನಲ್ಲಿ ದೋಣಿ ಕಟ್ಟುವ ನಮ್ಮಂಥ ಆಚಾರಿ ಮನೆಗೆ ಕೆಲಸದ ಬರ ಬರಲಿಲ್ಲ.

ನಮ್ಮ ಚಪ್ಪರ ಹೊಳೆಯ ದಂಡೆಯಲ್ಲಿತ್ತು. ಗೋಡೆ ಇಲ್ಲ, ಬಾಗಿಲು ಇಲ್ಲ. ಕಂಬಗಳ ಮೇಲೆ ತೆಂಗಿನ ಮಡಲು, ನೆಲಕ್ಕೆ ಹೊಯಿಗೆ. ಪಕ್ಕದ ತೋಡಿನ ಕೆಸರಿನಲ್ಲಿ ಯಾವಾಗಲೂ ನಾಲ್ಕೈದು ದಿಮ್ಮಿಗಳು ಮುಳುಗಿ ಮಲಗಿರುತ್ತಿದ್ದವು. ಹಸಿಮರವನ್ನು ಬಿಸಿಲಿಗೆ ಒಣಗಿಸಿದರೆ ಸೀಳು ಬಿಡುತ್ತದೆ. ಉಪ್ಪುನೀರಿನ ಕೆಸರಲ್ಲಿ ತಿಂಗಳುಗಟ್ಟಲೆ ಹೂತಿಟ್ಟರೆ ಒಳಗಿನ ರಸ ಇಳಿದುಹೋಗಿ, ಮರ ಆಮೇಲೆ ಹೇಳಿದಂತೆ ಕೇಳುತ್ತದೆ. ಆ ದಿಮ್ಮಿಗಳ ಮೇಲೆ ಹತ್ತಿ ಜಾರುವುದು ಮಕ್ಕಳಾದ ನಮಗೆ ಆಟ. ಅಜ್ಜಯ್ಯನಿಗೆ ಮಾತ್ರ ಅವು ಬರಲಿರುವ ವರ್ಷದ ದೋಣಿಗಳು. ಯಾವುದು ಯಾರದ್ದು ಎಂಬುದು ಅವರ ತಲೆಯಲ್ಲಿ ಆಗಲೇ ನಿಶ್ಚಯವಾಗಿರುತ್ತಿತ್ತು.

ಮರದ ವಿಷಯಕ್ಕೆ ಬಂದರೆ ಅಜ್ಜಯ್ಯನ ಮಾತು ನಿಲ್ಲುತ್ತಿರಲಿಲ್ಲ. ಹೊಳೆಯಲ್ಲಷ್ಟೇ ಓಡಾಡುವ ಪಾತಿ ದೋಣಿಗೆ ಮಾವು ಸಾಕು. ಒಂದೇ ಕಾಂಡವನ್ನು ಬಾಚಿಯಿಂದ ಕೆತ್ತಿ ಒಳಗು ತೋಡಿದರೆ ಆಯಿತು. ಕಡಲಿಗೆ ಹೋಗುವುದಕ್ಕೆ ಹೆಬ್ಬಲಸು ಬೇಕು. ಹಗುರ, ನೇರ ನಾರು, ಉಪ್ಪುನೀರಿಗೆ ಹೆದರದ ಮರ. ಅಡಿಮರಕ್ಕೂ ಒಳಗಿನ ಕಟ್ಟಿಗೂ ಕಿರಾಲಬೋಗಿ, ಮತ್ತಿ. ಕೂವೆಮರಕ್ಕೆ ಘಟ್ಟದ ದಟ್ಟ ಕಾಡಿನಲ್ಲಿ ಬೆಳಕು ಹುಡುಕುತ್ತ ನೆಟ್ಟಗೆ ಮೇಲೇರಿದ ಸುರಹೊನ್ನೆ. ಬ್ರಿಟಿಷರ ಕಾಲದಲ್ಲಿ ಕೆನರಾದ ಆ ಮರ ಅವರ ಹಡಗುಗಳಿಗೂ ಹೋಗುತ್ತಿತ್ತು. ದೋಣಿಯೊಳಗೆ ಪಕ್ಕೆಲುಬಿನಂತೆ ನಿಲ್ಲುವ ಬಾಗುಮರಗಳ ಕತೆಯೇ ಬೇರೆ. ನೆಟ್ಟಗಿನ ಮರವನ್ನು ಬಾಗಿದ ಆಕಾರಕ್ಕೆ ಕತ್ತರಿಸಿದರೆ ನಾರು ಅಡ್ಡ ತುಂಡಾಗಿ, ಮೊದಲ ದೊಡ್ಡ ಅಲೆಗೇ ಮುರಿಯುತ್ತದೆ. ಹಾಗಾಗಿ ಕಾಡಿನಲ್ಲಿ ತಾನಾಗಿ ಬಾಗಿ ಬೆಳೆದ ಕೊಂಬೆಯನ್ನೇ ಹುಡುಕಬೇಕು. ಅಜ್ಜಯ್ಯ ಹಾಲಾಡಿ, ಶಂಕರನಾರಾಯಣದ ಕಡೆ ನೆಂಟರ ಮನೆಗೆ ಹೋದರೂ ಊಟ ಮುಗಿಸಿ ತೋಟದ ಬದಿಗೆ ನಡೆದು, ಮರಗಳ ಕೊಂಬೆ ನೋಡುತ್ತ ನಿಂತುಬಿಡುತ್ತಿದ್ದರು. ಇಂಥ ಬಾಗು ಇಂಥ ತೋಟದಲ್ಲಿದೆ ಎಂಬುದು ವರ್ಷಗಳ ನಂತರವೂ ಅವರಿಗೆ ನೆನಪಿರುತ್ತಿತ್ತು.

ದಿಮ್ಮಿಯನ್ನು ಅಟ್ಟಕ್ಕೇರಿಸಿ, ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಉದ್ದ ಗರಗಸ ಎಳೆಯುತ್ತಿದ್ದರು. ಕೆಳಗಿನವನ ತಲೆಗೆ ಬಟ್ಟೆ ಕಟ್ಟಿದ್ದರೂ ಸಂಜೆಗೆ ಹುಬ್ಬಿನ ಮೇಲೆ ಹೊಟ್ಟು. ಮಸಿಯಲ್ಲಿ ಅದ್ದಿದ ದಾರ ಚಿಮ್ಮಿಸಿ ಎಳೆದ ಗೆರೆಯಿಂದ ಗರಗಸ ಕೂದಲೆಳೆಯಷ್ಟೂ ತಪ್ಪಬಾರದು. ಆಮೇಲೆ ಹಲಗೆ ಬಗ್ಗಿಸುವ ಕೆಲಸ. ನಾನು ಜೀವನದಲ್ಲಿ ನೋಡಿದ ಕೆಲಸಗಳಲ್ಲೆಲ್ಲ ಅತ್ಯಂತ ತಾಳ್ಮೆಯದು ಅದೇ. ಹಲಗೆಗೆ ಎಣ್ಣೆ, ಕೆಸರು ಬಳಿದು, ಕೆಳಗೆ ತೆಂಗಿನ ಸಿಪ್ಪೆಯ ಮಂದ ಬೆಂಕಿ ಇಟ್ಟು, ತುದಿಗೆ ಕಲ್ಲು ಕಟ್ಟುತ್ತಿದ್ದರು. ಬೆಂಕಿ ಜೋರಾದರೆ ಹಲಗೆ ಸುಡುತ್ತದೆ, ಮಂಕಾದರೆ ಬಗ್ಗುವುದಿಲ್ಲ. ಅಜ್ಜಯ್ಯ ಆಗಾಗ ಅಂಗೈ ಇಟ್ಟು ಬಿಸಿ ನೋಡಿ, ಇನ್ನೊಂದು ಕಲ್ಲು ಕಟ್ಟಿಸುತ್ತಿದ್ದರು. ಆ ಹೊತ್ತಿನಲ್ಲಿ ಚಪ್ಪರದಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ.

ನಕ್ಷೆ ಎಂಬುದೊಂದು ಇರಲೇ ಇಲ್ಲ. ಕೋಲು, ಅಂಗುಲಗಳ ಲೆಕ್ಕ ಬಾಯಲ್ಲಿತ್ತು, ಉಳಿದದ್ದು ಕಣ್ಣಿನಲ್ಲಿ. ಆದರೆ ದೋಣಿಯ ರೂಪ ಆಚಾರಿಯೊಬ್ಬನೇ ನಿಶ್ಚಯಿಸಿದ್ದೆಂದು ತಿಳಿದರೆ ಅರ್ಧ ಮಾತ್ರ ನಿಜ. ಪ್ರತಿ ಮಳೆಗಾಲಕ್ಕೆ ಮೀನುಗಾರರು ಬಂದು ಕೂರುತ್ತಿದ್ದರು. ಖಾರ್ವಿಯವರು, ಮೊಗವೀರರು, ದಾಲ್ದಿಗಳು. ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ಹಿಂದಿನ ಹಂಗಾಮಿನ ಕಡಲನ್ನು ವಿವರಿಸುತ್ತಿದ್ದರು.

‘ಆಚಾರ್ರೆ, ದೋಣಿ ಗಾಳಿಗ್ ಎಡಕ್ಕೆ ಎಳಿತಿತ್ತ್ ಕಾಣಿ.’

‘ಹೌದಾ? ತಂದ್ ಮೇಲ್ ಹಾಕಿ, ಕಾಂಬ.’

ಅಷ್ಟೇ ಮಾತು. ಮುಂದಿನ ದೋಣಿಯಲ್ಲಿ ಮೂತಿ ಒಂದು ಬೆರಳು ಏರಿರುತ್ತಿತ್ತು, ಇಲ್ಲವೇ ಹೊಟ್ಟೆ ಚೂರು ಅಗಲವಾಗಿರುತ್ತಿತ್ತು. ಹೀಗೆ ತಲೆಮಾರುಗಳ ದೂರು, ಮೆಚ್ಚುಗೆ, ಅನುಭವ ಎಲ್ಲವೂ ಹಲಗೆಯ ಬಾಗಿನಲ್ಲಿ ಸೇರಿಕೊಂಡಿದ್ದವು. ಹುಟ್ಟು ಹಾಕುವವನೂ ಬಾಚಿ ಹಿಡಿಯುವವನೂ ಕೂಡಿ ಕಟ್ಟಿದ ದೋಣಿ ಅದು. ನಮ್ಮ ಮನೆಯ ಹೆಸರು ಹೇಳಿ ಯಾರಾದರೂ ಹೊಗಳಿದರೆ ಅಜ್ಜಯ್ಯ ಆ ಮೀನುಗಾರರ ಹೆಸರನ್ನೂ ಸೇರಿಸಿ ಹೇಳುತ್ತಿದ್ದರು.

ದಡದಿಂದ ಎಳೆಯುವ ದೊಡ್ಡ ಬಲೆ, ರಂಪಣಿ. ಅದನ್ನು ಹೊರುವ ದೋಣಿಗೆ ಮೊಳೆ ಹೊಡೆಯುತ್ತಿರಲಿಲ್ಲ, ಹೊಲಿಯುತ್ತಿದ್ದರು. ಹಲಗೆಗಳ ಅಂಚಿಗೆ ಬೈರಿಗೆಯಿಂದ ಸಾಲಾಗಿ ತೂತು ಕೊರೆದು, ಸಂದಿನ ಮೇಲೆ ನಾರಿನ ಮೆತ್ತೆ ಇಟ್ಟು, ಕತ್ತದ ಹಗ್ಗವನ್ನು ಅಡ್ಡಡ್ಡ ಎಳೆದು ಬಿಗಿದರೆ ಒಳಮೈಯಲ್ಲಿ ಹಗ್ಗದ ಸಾಲು ಜಡೆ ಹೆಣೆದ ಹಾಗೆ ಕಾಣುತ್ತಿತ್ತು. ಆ ಹಗ್ಗದ ಹಿಂದೆ ನಮ್ಮ ಮನೆಯ ಹೆಂಗಸರ ಕೈ. ತೆಂಗಿನ ಸಿಪ್ಪೆಯನ್ನು ಹೊಳೆಯ ಕೆಸರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಕಲ್ಲಿನ ಮೇಲೆ ಬಡಿದು, ತೊಳೆದು, ಒಣಗಿಸಿ, ತೊಡೆಯ ಮೇಲೆ ಹೊಸೆಯುತ್ತಿದ್ದರು. ಅಮ್ಮಮ್ಮನ ಅಂಗೈ ಮುಟ್ಟಿದರೆ ಮರದ ತೊಗಟೆಯನ್ನು ಮುಟ್ಟಿದಂತಿತ್ತೆಂದು ಅಮ್ಮ ಈಗಲೂ ಹೇಳುತ್ತಾರೆ. ದೋಣಿ ನೀರಿಗಿಳಿದ ದಿನ ವೀಳ್ಯ, ಪಂಚೆ ಸಿಗುತ್ತಿದ್ದದ್ದು ಗಂಡಸರಿಗೆ. ಹಗ್ಗ ಹೊಸೆದವರಿಗೂ ಸಿಗಬೇಕಿತ್ತು.

ಹೊಲಿಗೆ ಬಡತನದ ಉಪಾಯವೆಂದು ಬರೆದವರುಂಟು. ಅದು ಸರಿಯಲ್ಲ. ರಂಪಣಿ ದೋಣಿಗೆ ಬಂದರಿನ ಧಕ್ಕೆ ಇಲ್ಲ. ಭಾರದ ಬಲೆ ಹೊತ್ತು ಅಲೆಯ ಮೇಲೆ ಬಂದು ನೇರ ಹೊಯಿಗೆಗೆ ಬಡಿಯಬೇಕು. ಮೊಳೆ ಹೊಡೆದ ಗಟ್ಟಿ ದೋಣಿ ಆ ಪೆಟ್ಟಿಗೆ ಸೀಳಿಬಿಡುತ್ತದೆ, ಹೊಲಿದ ದೋಣಿ ತುಸು ಸಡಿಲಿ ಮತ್ತೆ ಕೂಡುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಹೊನ್ನಾವರದಲ್ಲಿ ತಂಗಿ ಹೋದ ಮೊರಾಕೋದ ಪ್ರವಾಸಿ ಇಬ್ನ್ ಬತೂತ ಇದನ್ನೇ ಗಮನಿಸಿ ಬರೆದಿಟ್ಟಿದ್ದಾನೆ: ಕಬ್ಬಿಣದ ಮೊಳೆಯ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ತೆಂಗಿನ ನಾರಿನಲ್ಲಿ ಹೊಲಿದದ್ದು ತಾಳಿಕೊಳ್ಳುತ್ತದೆ ಎಂದು. ಅಜ್ಜಯ್ಯ ಅವನ ಹೆಸರನ್ನೂ ಕೇಳಿದವರಲ್ಲ, ಆದರೂ ಕೇಳಿದವರಿಗೆ ಕೊಡುತ್ತಿದ್ದ ಕಾರಣ ಅದೇ.

ದೋಣಿ ಕಟ್ಟಿ ಕೊಟ್ಟಲ್ಲಿಗೆ ಋಣ ಮುಗಿಯುತ್ತಿರಲಿಲ್ಲ. ಮಳೆ ಹಿಡಿದೊಡನೆ ದೋಣಿಗಳೆಲ್ಲ ದಂಡೆಗೆ. ಕಡಲಿನಲ್ಲಿ ಮರ ಕೊರೆಯುವ ಹುಳವಿದೆ. ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಹಲಗೆಯೇ ಟೊಳ್ಳು. ಅದಕ್ಕೆ ಸಿಹಿನೀರು ಆಗದು. ಮಳೆಯಲ್ಲಿ ಹೊಳೆಯ ನೀರು ಸಿಹಿಯಾದಾಗ ದೋಣಿಯನ್ನು ಮೇಲಕ್ಕೆ ತಂದು ಕಟ್ಟಿದರೆ ಅರ್ಧ ಮದ್ದು ಆದಂತೆ. ಉಳಿದರ್ಧಕ್ಕೆ, ದೋಣಿಯನ್ನು ವಾಲಿಸಿ ತಳಕ್ಕೆ ಒಣ ಮಡಲಿನ ಬೆಂಕಿ ತೋರಿಸಿ, ಚಿಪ್ಪಿನ ಸುಣ್ಣವನ್ನು ಎಣ್ಣೆಯಲ್ಲಿ ಕಲಸಿ ಬಳಿಯುತ್ತಿದ್ದರು. ಮೇಲ್ಮೈಗೆ ಬೂತಾಯಿ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ. ಗೇರೆಣ್ಣೆ ತಾಗಿದರೆ ಚರ್ಮ ಸುಲಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಶ್ರಾವಣದ ನೂಲಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ದೋಣಿ ಇಳಿಸುವವರೆಗೆ ನಮ್ಮ ಬಟ್ಟೆ, ಚಾಪೆ, ಪುಸ್ತಕಗಳಿಗೆಲ್ಲ ಮೀನೆಣ್ಣೆಯ ವಾಸನೆ ಹತ್ತಿರುತ್ತಿತ್ತು. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನ್ನ ಹೆಜ್ಜೆ ನಿಧಾನವಾಗುತ್ತದೆ.

ಹೊಸ ದೋಣಿ ನೀರಿಗಿಳಿಯುವ ದಿನ ಊರಿಗೆ ಊರೇ ಸೇರುತ್ತಿತ್ತು. ರಂಪಣಿ ಒಬ್ಬರ ಸೊತ್ತಲ್ಲ. ದೋಣಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬಂದ ಮೇಲೆ ಎರಡೂ ತುದಿಗಳನ್ನು ದಡದಿಂದ ಎಳೆಯಲು ಹತ್ತಾರು ಮನೆಗಳ ಜನ ಬೇಕು, ಬಂದ ಬಂಗುಡೆಯಲ್ಲಿ ಎಳೆದವರಿಗೆಲ್ಲ ಪಾಲು. ಬಡಮುದುಕಿಯೊಬ್ಬಳು ಹಗ್ಗಕ್ಕೆ ಕೈ ತಾಗಿಸಿದರೂ ಅವಳ ಬುಟ್ಟಿಗೆ ನಾಲ್ಕು ಮೀನು ಬೀಳುತ್ತಿತ್ತು. ಹಾಗಾಗಿ ದೋಣಿಯ ಮುಹೂರ್ತವೆಂದರೆ ಎಲ್ಲರ ಮನೆಯ ಮುಹೂರ್ತ. ಅಡಿಗೆ ತೆಂಗಿನ ಕಾಂಡಗಳನ್ನಿಟ್ಟು ಉರುಳಿಸುತ್ತ, ಕೂಗಿನ ತಾಳಕ್ಕೆ ಭುಜ ಕೊಟ್ಟು ತಳ್ಳುತ್ತಿದ್ದರು. ದೋಣಿ ತೇಲಿ ನೆಟ್ಟಗೆ ನಿಂತಾಗ ಎಲ್ಲರೂ ಅಜ್ಜಯ್ಯನ ಕಡೆ ನೋಡುವರು. ಅವರು ನೀರಿನ ಗೆರೆಯನ್ನು ಎರಡೂ ಬದಿಯಿಂದ ನೋಡಿ, ‘ಅಡ್ಡಿಲ್ಲೆ’ ಎನ್ನುವರು. ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಅವರು ಯಾವ ದೋಣಿಗೂ, ಯಾವ ಮೊಮ್ಮಗನಿಗೂ ಕೊಟ್ಟದ್ದಿಲ್ಲ.

ಅಪ್ಪಯ್ಯನ ಕಾಲಕ್ಕೆ ಯಂತ್ರ ಬಂತು. 1950ರ ದಶಕದ ಕೊನೆಯಿಂದ ನಮ್ಮ ಕರಾವಳಿಯಲ್ಲಿ ಎಂಜಿನ್ ಬೋಟುಗಳು ಕಾಣಿಸಿಕೊಂಡವು. 1957ರಲ್ಲಿ ಕೊಚ್ಚಿಯಲ್ಲಿ ಶುರುವಾದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಬೋಟುಗಳಿಗೆ ನಕ್ಷೆ ಮಾಡಿಕೊಡುತ್ತಿತ್ತು. ಕಾಗದದ ಮೇಲಿನ ಗೆರೆಗಳನ್ನು ಓದುವುದನ್ನು ಅಪ್ಪಯ್ಯ ಕಲಿತರು. 30, 32 ಅಡಿಯ ಟ್ರಾಲ್ ಬೋಟುಗಳು, ಆಮೇಲೆ 1970ರ ದಶಕದ ನಡುವಿಂದ ಪರ್ಸಿನ್ ಬಲೆಗೆಂದು ನಲವತ್ತು ಅಡಿಗೂ ಮೀರಿದವು ಚಪ್ಪರದಲ್ಲಿ ಎದ್ದವು. ಹೊಲಿಗೆ ಹೋಗಿ ಮೊಳೆ, ಬೋಲ್ಟು ಬಂದವು. ಸಂದಿಗೆ ಹತ್ತಿಯ ಎಳೆ, ತಳಕ್ಕೆ ತಗಡು. ಕೆಲಸಕ್ಕೆ ಬಿಡುವಿರಲಿಲ್ಲ, ಮನೆಗೆ ಮಾಡು ಬಂತು, ನಮ್ಮ ಓದು ಆಯಿತು. ಅದೇ ಪರ್ಸಿನ್ ಬಲೆ ನಡುಗಡಲಿನಲ್ಲೇ ಬಂಗುಡೆಯ ಗುಂಪನ್ನು ಸುತ್ತಿ ಎತ್ತಿಕೊಂಡದ್ದರಿಂದ ದಡದ ರಂಪಣಿ ಬರಿದಾಯಿತು. ನಾವು ಕಟ್ಟಿದ ಬೋಟುಗಳೇ ನಾವು ಹೊಲಿದ ದೋಣಿಗಳನ್ನು ದಂಡೆಯಲ್ಲಿ ಕೂರಿಸಿದವು. ಅಜ್ಜಯ್ಯ ಆ ವರ್ಷಗಳಲ್ಲಿ ಚಪ್ಪರಕ್ಕೆ ಬರುವುದು ಕಡಿಮೆಯಾಯಿತು.

ಮುಂದಿನದು ಬೇಗ ಮುಗಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೊಡ್ಡ ಮರ ಸಿಗುವುದು ಕಷ್ಟವಾಯಿತು, ಸಿಕ್ಕಿದ್ದಕ್ಕೆ ಬೆಲೆ ಏರಿತು. ಇದರಲ್ಲಿ ಕಾಯ್ದೆಯ ತಪ್ಪು ನನಗೆ ಕಾಣುವುದಿಲ್ಲ. ಘಟ್ಟದ ಕಾಡು ಉಳಿಯದಿದ್ದರೆ ನಮ್ಮ ಐದು ಹೊಳೆಗಳೂ ಉಳಿಯುತ್ತಿರಲಿಲ್ಲ. ಮರದ ಜಾಗಕ್ಕೆ ಬಂದ ಫೈಬರ್ ದೋಣಿಗೆ ಹುಳದ ಭಯವಿಲ್ಲ, ಮೀನೆಣ್ಣೆ ಬೇಡ. ದೊಡ್ಡ ಬೋಟುಗಳಿಗೆ ಉಕ್ಕು ಬಂತು. ಮೀನುಗಾರನ ಜೀವಕ್ಕೂ ಜೇಬಿಗೂ ಯಾವುದು ಒಳ್ಳೆಯದೋ ಅದನ್ನು ಅವನು ಆರಿಸಿಕೊಂಡ. ಅಣ್ಣ ಈಗ ಮನೆಗಳ ಬಾಗಿಲು, ಕಿಟಕಿ ಮಾಡುತ್ತಾನೆ. ಅವನ ಕೈ ಬಾಗಿದ ಗೆರೆ ಎಳೆದು ಬಹಳ ಕಾಲವಾಯಿತು.

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ‘ಕೌಂಡಿನ್ಯ’ ಸೇರಿತು. ಅಜಂತಾದ ಚಿತ್ರವೊಂದನ್ನು ನೋಡಿ ರೂಪಿಸಿದ, ಗೋವಾದಲ್ಲಿ ಕೇರಳದ ಕುಶಲಕರ್ಮಿಗಳು ಬಾಬು ಶಂಕರನ್ ಅವರ ಮುಂದಾಳ್ತನದಲ್ಲಿ ಕಟ್ಟಿದ, ಪೂರ್ತಿ ಹೊಲಿಗೆಯ ಹಡಗು. ಟಿವಿಯಲ್ಲಿ ಆ ಹಗ್ಗದ ಸಾಲು ಕಂಡಾಗ ಅಮ್ಮ ಎದ್ದು ಪರದೆಯ ಹತ್ತಿರ ಹೋಗಿ ನಿಂತರು. ನನಗೆ ಬಹಳ ಸಂತೋಷವಾಯಿತು. ಅದರ ಜೊತೆಗೇ, ಕಾರವಾರದಿಂದ ಉಳ್ಳಾಲದವರೆಗೆ ಅಷ್ಟು ದೋಣಿ ಹೊಲಿದ ನಮ್ಮವರ ಅಳತೆಗಳು ಯಾವ ಪುಸ್ತಕದಲ್ಲಿವೆ ಎಂಬ ಚಿಂತೆಯೂ ಹತ್ತಿತು. ಅಜ್ಜಯ್ಯನದು ಬರೆದಿಟ್ಟಿಲ್ಲ. ಅವರ ಬಾಚಿ, ಉಳಿ ನಮ್ಮ ಮನೆಯಲ್ಲಿವೆ, ಲೆಕ್ಕ ಇಲ್ಲ.

ಇದನ್ನು ಓದುವ ಕರಾವಳಿಯವರಲ್ಲಿ ನನ್ನದೊಂದು ಕೋರಿಕೆ. ನಿಮ್ಮೂರಿನ ಕಡವಿನಲ್ಲೋ, ತೆಂಗಿನ ತೋಟದ ಮೂಲೆಯಲ್ಲೋ ಹಳೆಯ ಮರದ ದೋಣಿಯೊಂದು ಮಗುಚಿ ಬಿದ್ದಿರಬಹುದು. ಸೌದೆಗೆ ಕೊಡುವ ಮುನ್ನ ಒಂದು ಟೇಪು, ಒಂದು ನೋಟ್‌ಬುಕ್ಕು ಹಿಡಿದು ಹೋಗಿ. ಮೂತಿಯಿಂದ ಹಿಂಬದಿಯವರೆಗೆ ಅಡಿಗೊಂದು ಕಡೆ ಅಗಲ, ಆಳ ಬರೆದುಕೊಳ್ಳಿ, ಹೊಲಿಗೆಯ ತೂತುಗಳ ನಡುವಿನ ಅಂತರ ಬರೆದುಕೊಳ್ಳಿ, ಎಲ್ಲ ಬದಿಯಿಂದ ಫೋಟೋ ತೆಗೆಯಿರಿ. ಸಾಧ್ಯವಾದರೆ ಆ ಕೆಲಸ ಮಾಡಿದ ಹಿರಿಯ ಆಚಾರಿಯೊಬ್ಬರನ್ನು ಜೊತೆಗೆ ಕರೆದೊಯ್ದು, ಒಂದೊಂದು ಭಾಗದ ಹೆಸರನ್ನೂ ಅವರ ಬಾಯಿಂದಲೇ ಕೇಳಿ ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ. ಹಗ್ಗ ಹೊಸೆದ ಹೆಂಗಸರನ್ನೂ ಕೇಳಿ. ಅವರೆಲ್ಲರಿಗೂ ವಯಸ್ಸಾಗಿದೆ, ಮುಂದಿನ ಮಳೆಗಾಲಕ್ಕೆ ಕಾಯಬೇಡಿ.