ಕಾಣದ ಮೂರು ಅಂಚು

ಆಲೂರಿನ ಕಡೆ ಒಂದು ಶಾಲೆಯಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದ ಕಾಲ. ಬೋರ್ಡಿನ ಮೇಲೆ ಒಂದು ಘನ ಬರೆದು, "ಇದಕ್ಕೆ ಎಷ್ಟು ಅಂಚು?" ಎಂದೆ. ಕಾಫಿ ತೋಟದ ಲೈನ್ ಮನೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು, "ಒಂಬತ್ತು ಮಿಸ್" ಎಂದಳು.

"ಹನ್ನೆರಡು ಅಂತ ಪುಸ್ತಕದಲ್ಲೇ ಇದೆಯಲ್ಲೇ!"

"ಕಾಣೋದು ಒಂಬತ್ತೇ ಮಿಸ್."

ಎದುರು ಮಾತಾಡುತ್ತಾಳೆಂದು ಪೀರಿಯಡ್ ಮುಗಿಯುವವರೆಗೂ ನಿಲ್ಲಿಸಿದೆ. ಆಮೇಲೆ ಅವಳು ಕೈ ಎತ್ತಲೇ ಇಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಅವಳ ಮನೆಯವರು ಬೇರೆ ತೋಟಕ್ಕೆ ಹೊರಟುಹೋದರು.

ನಾನು ಅದನ್ನು ಮರೆತಿದ್ದೆ. ಕೆಲವು ವರ್ಷದ ಹಿಂದೆ ದೀಪಾವಳಿಗೆ ಬಂದ ಮಗಳು ಕಂಪ್ಯೂಟರಿನಲ್ಲಿ ಒಂದು ಪೆಟ್ಟಿಗೆ ತಿರುಗಿಸುತ್ತ ಕೂತಿದ್ದಳು. ಬೆಂಗಳೂರಿನಲ್ಲಿ ಯಂತ್ರದ ಭಾಗಗಳ ನಕ್ಷೆ ಮಾಡುವುದು ಅವಳ ಕೆಲಸ. ಮೇಷ್ಟರ ಚಾಳಿ ನೋಡಿ, ಪರದೆಯ ಮೇಲಿನ ಅಂಚು ಎಣಿಸಿದೆ. ಒಂಬತ್ತು!

"ಅದು ಹಾಗೇ ಅಮ್ಮ. ಪ್ರತಿ ಮುಖ ಯಾವ ಕಡೆ ನೋಡ್ತಿದೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಈಗ ಮೂರು ಮುಖ ನಮ್ಮ ಕಡೆ, ಮೂರು ಆ ಕಡೆ. ನಮ್ಮ ಕಡೆಯ ಮುಖಗಳು ಒಂದಕ್ಕೊಂದು ಸೇರುವಲ್ಲಿ ಮೂರು ಗೆರೆ. ಈ ಕಡೆಯದೂ ಆ ಕಡೆಯದೂ ಸೇರುವಲ್ಲಿ ಸುತ್ತಿನ ಆರು ಗೆರೆ. ಬೆನ್ನು ತೋರಿಸುವ ಮುಖಗಳ ನಡುವಿನ ಮೂರನ್ನು ಬರೆಯೋದೇ ಇಲ್ಲ."

"ಹಾಗಾದರೆ ಅವು ಇಲ್ಲವೇನೆ?"

"ಇವೆ. ಲೆಕ್ಕದಲ್ಲಿ ಹನ್ನೆರಡೂ ಇರುತ್ತವೆ. ತಿರುಗಿಸಿದರೆ ಕಾಣುತ್ತವೆ."

ಅಮೆರಿಕದ ಎಂಐಟಿಯಲ್ಲಿ ಲಾರೆನ್ಸ್ ರಾಬರ್ಟ್ಸ್ ಎಂಬವರು ಮರೆಯಾಗುವ ಗೆರೆಗಳ ಲೆಕ್ಕವನ್ನು 1963ರಲ್ಲೇ ಬಿಡಿಸಿದ್ದರಂತೆ. ನನ್ನ ಹುಡುಗಿ ಬರಿಗಣ್ಣಿನಿಂದ ಬಿಡಿಸಿದ್ದಳು. ಬೋರ್ಡಿನ ಮೇಲೆ ನಾನು ಎಳೆದದ್ದೂ ಒಂಬತ್ತೇ ಗೆರೆ.

ಸಕಲೇಶಪುರದ ಮಂಜರಾಬಾದ್ ಕೋಟೆಗೆ ಮಕ್ಕಳನ್ನು ಎಷ್ಟು ಸಲ ಕರೆದೊಯ್ದಿಲ್ಲ! ಟಿಪ್ಪು 1792ರಲ್ಲಿ ಕಟ್ಟಿಸಿ ಮುಗಿಸಿದ ಎಂಟು ಮೂಲೆಯ ನಕ್ಷತ್ರ ಅದು. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತವರಿಗೆ ಕಾಣುವುದು ಗೋಡೆ, ತಿರುವು ಅಷ್ಟೆ. ನಕ್ಷತ್ರ ನೋಡಬೇಕಾದರೆ ಆಕಾಶದಿಂದ ತೆಗೆದ ಫೋಟೋ ಬೇಕು. ಅಲ್ಲಿ ನಿಂತ ಮಗು "ಎಂಟು ಮೂಲೆ ಕಾಣಲ್ಲ" ಎಂದರೆ ನಾನು ಗದರುತ್ತಿರಲಿಲ್ಲ. ತರಗತಿಯಲ್ಲಿ ಮಾತ್ರ ಗದರಿದೆ.

ಅವತ್ತು ಮೇಜಿನ ಮೇಲಿದ್ದ ಸೀಮೆಸುಣ್ಣದ ಡಬ್ಬಿಯನ್ನು ಅವಳ ಕೈಗೆ ಕೊಟ್ಟು, "ತಿರುಗಿಸಿ ನೋಡು" ಎಂದಿದ್ದರೆ ಸಾಕಿತ್ತು. ಈಗ ಆ ಪಾಠದ ದಿನ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ. ಯಾರಾದರೂ "ಒಂಬತ್ತು" ಎಂದರೆ, "ಸರಿ, ಈಗ ತಿರುಗಿಸು" ಎನ್ನುತ್ತೇನೆ.

ಆ "ಸರಿ" ಮೊದಲು ಸಲ್ಲಬೇಕಾಗಿದ್ದವಳು ಯಾವ ತೋಟದಲ್ಲಿದ್ದಾಳೋ, ಗೊತ್ತಿಲ್ಲ.